ನದಿ ದಡದಿಂದ ಬಾಸ್ ಹಿಡಿಯುವುದು: ಪೊಟೊಮ್ಯಾಕ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮೇರಿಲ್ಯಾಂಡ್, ವರ್ಜೀನಿಯಾ ಕಡೆ ನೆಲೆಸಿರುವ ನಮ್ಮವರು ಯುಗಾದಿ ಊಟದ ಪಂಕ್ತಿಯಲ್ಲಿ, ಫೋನಿನಲ್ಲಿ, ಪತ್ರದಲ್ಲಿ ನನ್ನನ್ನು ಕೇಳುತ್ತಾ ಬಂದ ಪ್ರಶ್ನೆಗಳಿವು. ಕೇಳಿದವರ ಮಾತನ್ನು ಹಾಗೇ ಇಟ್ಟಿದ್ದೇನೆ. ನಾನು ಹೇಳುವುದೆಲ್ಲ ವಾಷಿಂಗ್ಟನ್‌ನಿಂದ ಮೇಲಕ್ಕೆ, ಸಮುದ್ರದ ಉಬ್ಬರ ಇಳಿತ ತಲುಪದ ಪೊಟೊಮ್ಯಾಕ್ ನದಿಯ ಬಗ್ಗೆ. ಅಲ್ಲಿ ದಡದಲ್ಲಿ ನಿಂತೇ ಬಾಸ್ ಎಂಬ ಸಿಹಿನೀರಿನ ಮೀನು ಹಿಡಿಯುವವನು ನಾನು.

## ಈಗಷ್ಟೇ ಶುರು ಮಾಡುವವರಿಗೆ

ನನ್ನ ಹತ್ರ ದೋಣಿ ಇಲ್ಲ. ದಡದಲ್ಲಿ ನಿಂತ್ಕೊಂಡ್ರೆ ಬಾಸ್ ಸಿಗುತ್ತಾ?

ಖಂಡಿತ ಸಿಗುತ್ತದೆ. ಬಾಸ್‌ಗೆ ಬೇಕಾದ್ದೆಲ್ಲ ದಡದ ಹತ್ತಿರವೇ ಇದೆ. ಬಿದ್ದ ಮರ, ಕಲ್ಲಿನ ಸಂದು, ನೆರಳು, ಹುಲ್ಲಿನ ಬುಡದಲ್ಲಿ ಅಡಗುವ ಮರಿ ಮೀನು. ಹೊಸಬರು ಏನು ಮಾಡುತ್ತಾರೆ ಅಂದರೆ, ಸೀದಾ ನೀರಿನ ಅಂಚಿಗೆ ಹೋಗಿ ನಿಂತು ಶಕ್ತಿ ಎಲ್ಲ ಹಾಕಿ ನಡು ನದಿಗೆ ಎಸೆಯುತ್ತಾರೆ. ಅಷ್ಟು ಹೊತ್ತಿಗೆ ಅವರ ಕಾಲ ಬುಡದಲ್ಲಿದ್ದ ಮೀನು ಓಡಿ ಹೋಗಿರುತ್ತದೆ. ಹತ್ತು ಹೆಜ್ಜೆ ಹಿಂದೆಯೇ ನಿಲ್ಲಿ. ಮೊದಲ ಎಸೆತ ದಡದ ಪಕ್ಕಕ್ಕೇ, ಅಂಚಿನ ಉದ್ದಕ್ಕೂ ಹಾಕಿ. ನಡು ನದಿ ಎಲ್ಲಿಗೂ ಓಡಿ ಹೋಗುವುದಿಲ್ಲ.

ದಡಕ್ಕೆ ಹೋಗಲು ದಾರಿ ಇಲ್ಲದ ನದಿಗಳು ಅಮೆರಿಕದಲ್ಲಿ ಬೇಕಾದಷ್ಟಿವೆ. ಪೊಟೊಮ್ಯಾಕ್ ಹಾಗಲ್ಲ, ಅದು ನಮ್ಮ ಪುಣ್ಯ. ಹಳೆಯ ಸಿ ಅಂಡ್ ಓ (ಚೆಸಪೀಕ್ ಅಂಡ್ ಓಹಾಯೋ) ಕಾಲುವೆಯ ಪಕ್ಕದಲ್ಲಿ ಹೇಸರಗತ್ತೆಗಳು ದೋಣಿ ಎಳೆದುಕೊಂಡು ಹೋಗುತ್ತಿದ್ದ ದಾರಿ ಈಗ ರಾಷ್ಟ್ರೀಯ ಉದ್ಯಾನ. ಜಾರ್ಜ್‌ಟೌನ್‌ನಿಂದ ಕಂಬರ್ಲೆಂಡ್‌ವರೆಗೆ 184.5 ಮೈಲಿ, ನದಿಯ ಮೇರಿಲ್ಯಾಂಡ್ ದಡದ ಉದ್ದಕ್ಕೂ ನಡೆದು ಹೋಗಬಹುದು. ಎಡ್ವರ್ಡ್ಸ್ ಫೆರಿ, ಪಾಯಿಂಟ್ ಆಫ್ ರಾಕ್ಸ್, ಬ್ರನ್ಸ್‌ವಿಕ್, ಈ ಮೂರರಲ್ಲಿ ಎಲ್ಲಿ ಕಾರು ನಿಲ್ಲಿಸಿದರೂ ನದಿ ಅಲ್ಲೇ ಪಕ್ಕದಲ್ಲಿದೆ.

ಸ್ಮಾಲ್‌ಮೌತ್, ಲಾರ್ಜ್‌ಮೌತ್ ಅಂತಾರಲ್ಲ, ನೋಡಿದ ತಕ್ಷಣ ಗೊತ್ತಾಗೋದು ಹೇಗೆ?

ಬಾಯಿ ಮುಚ್ಚಿಸಿ, ಮೇಲ್ದವಡೆ ಎಲ್ಲಿಗೆ ಮುಗಿಯುತ್ತದೆ ನೋಡಿ. ಕಣ್ಣಿನ ಹಿಂಬದಿ ದಾಟಿ ಹೋದರೆ ಲಾರ್ಜ್‌ಮೌತ್. ಕಣ್ಣಿನ ಕೆಳಗೇ ನಿಂತರೆ ಸ್ಮಾಲ್‌ಮೌತ್. ಬಣ್ಣದಲ್ಲೂ ವ್ಯತ್ಯಾಸ ಇದೆ: ಲಾರ್ಜ್‌ಮೌತ್ ಹಸಿರು, ಪಕ್ಕೆಯಲ್ಲಿ ಉದ್ದಕ್ಕೆ ಒಂದು ಕಪ್ಪು ಪಟ್ಟಿ. ಸ್ಮಾಲ್‌ಮೌತ್ ಕಂಚಿನ ಬಣ್ಣ, ಪಟ್ಟೆಗಳು ಮೇಲಿಂದ ಕೆಳಕ್ಕೆ. ಹರಿಯುವ ನೀರು, ಕಲ್ಲು ಇದ್ದಲ್ಲಿ ಸ್ಮಾಲ್‌ಮೌತ್. ನಿಂತ ನೀರು, ಕೆಸರು, ಕಳೆ ಇದ್ದಲ್ಲಿ ಲಾರ್ಜ್‌ಮೌತ್. ನಾವು ನಿಲ್ಲುವ ದಡದಲ್ಲಿ ಸಿಗುವುದು ಹೆಚ್ಚಾಗಿ ಸ್ಮಾಲ್‌ಮೌತ್, ಹಾಗಾಗಿ ಇಲ್ಲಿ ಬರೀ ಬಾಸ್ ಅಂದರೆ ಅದೇ ಅಂತ ತಿಳಿಯಿರಿ.

ಬಾಸ್ ಈ ನದಿಯ ಮೀನೇ ಅಲ್ಲವಂತೆ, ಹೌದಾ?

ಹೌದು. ಸ್ಮಾಲ್‌ಮೌತ್‌ನ ತವರು ಓಹಾಯೋ, ಮಿಸಿಸಿಪಿ ಕಣಿವೆ ಮತ್ತು ಮಹಾ ಸರೋವರಗಳ ಸೀಮೆ. ಅಲೆಘೆನಿ ಬೆಟ್ಟಗಳ ಈಚೆಗೆ ಅದು ತಾನಾಗಿ ಬಂದದ್ದಲ್ಲ. 1854ರಲ್ಲಿ ವಿಲಿಯಂ ಶ್ರೈವರ್ ಎಂಬಾತ ವೀಲಿಂಗ್ ಊರಿನ ಹತ್ತಿರದ ಹೊಳೆಯಿಂದ ಸುಮಾರು 30 ಮೀನು ಹಿಡಿದು, ಉಗಿ ಬಂಡಿಯ ನೀರಿನ ತೊಟ್ಟಿಯಲ್ಲಿ ಹಾಕಿ, ಬೆಟ್ಟ ದಾಟಿಸಿ ತಂದು ಕಂಬರ್ಲೆಂಡ್‌ನಲ್ಲಿ ಕಾಲುವೆಗೆ ಬಿಟ್ಟ. ಅಲ್ಲಿಂದ ನದಿಗೆ ಇಳಿದು ಸಂಸಾರ ಬೆಳೆಸಿದವು. ವಲಸೆ ಬಂದು ಬೇರು ಬಿಟ್ಟ ಮೀನು ಅಂತ ನನಗೆ ಇದರ ಮೇಲೆ ಪ್ರೀತಿ ಸ್ವಲ್ಪ ಜಾಸ್ತಿಯೇ.

ಅಪ್ಪ ಅಮ್ಮ ಊರಿಂದ ಬಂದಿದ್ದಾರೆ. ಅಪ್ಪನಿಗೆ ಗಾಳ ಹಾಕೋ ಹುಚ್ಚು. ಅವರಿಗೂ ಲೈಸೆನ್ಸ್ ಬೇಕಾ?

ಬೇಕು. 16 ವರ್ಷ ತುಂಬಿದ ಯಾರೇ ಕೋಲು ಹಿಡಿದರೂ ಲೈಸೆನ್ಸ್ ಇರಬೇಕು, ಪ್ರವಾಸಕ್ಕೆ ಬಂದವರಿಗೂ ಅದೇ ನಿಯಮ. ಹೊರಗಿನವರಿಗೆ ಕೆಲವೇ ದಿನಗಳ ಲೈಸೆನ್ಸ್ ಸಿಗುತ್ತದೆ, ಮನೆಯಲ್ಲಿ ಕೂತು ಆನ್‌ಲೈನ್‌ನಲ್ಲೇ ತೆಗೆಯಬಹುದು. ಪಕ್ಕದಲ್ಲಿ ಕುರ್ಚಿ ಹಾಕಿ ಸುಮ್ನೆ ನೋಡುತ್ತಾ ಕೂರುವ ಅಮ್ಮನಿಗೆ ಬೇಕಿಲ್ಲ. ಅವರು ನಿಮ್ಮ ಕೋಲು ಇಸಿದುಕೊಂಡು ಒಂದು ಸಲ ಎಸೆದರೆ ಬೇಕು. ಮೇರಿಲ್ಯಾಂಡ್‌ನಲ್ಲಿ ಜೂನ್ ತಿಂಗಳ ಮೊದಲ ಎರಡು ಶನಿವಾರ ಮತ್ತು ಜುಲೈ 4, ಈ ದಿನಗಳಲ್ಲಿ ಲೈಸೆನ್ಸ್ ಇಲ್ಲದೆ ಹಿಡಿಯಬಹುದು. ತಂದೆ ತಾಯಿ ಬಂದಿರುವ ಬೇಸಿಗೆಯಲ್ಲಿ ಇದು ಒಳ್ಳೆಯ ಅವಕಾಶ. ಎಷ್ಟು ಉದ್ದದ ಮೀನು ಇಟ್ಟುಕೊಳ್ಳಬಹುದು, ಯಾವ ತಿಂಗಳು ವಾಪಸ್ ಬಿಡಲೇಬೇಕು ಅನ್ನುವುದು ಆಗಾಗ ಬದಲಾಗುತ್ತದೆ. ಪ್ರತಿ ವರ್ಷ ರಾಜ್ಯದ ನಿಯಮ ಪುಸ್ತಕ ಓದಿಯೇ ಹೊರಡಿ.

## ಕೋಲು, ರೀಲು, ದಾರ

ಅಂಗಡಿಗೆ ಹೋದ್ರೆ ಗೋಡೆ ತುಂಬಾ ಕೋಲು. ಯಾವುದು ತಗೊಳ್ಲಿ?

ಆರೂವರೆಯಿಂದ ಏಳು ಅಡಿ ಉದ್ದದ ಸ್ಪಿನ್ನಿಂಗ್ ಕೋಲು, ಅಂದರೆ ದಾರ ಸುತ್ತುವ ರೀಲು ಕೆಳಗೆ ತೂಗುವಂಥದು. ಅದರ ಮೇಲೆ ‘ಮೀಡಿಯಂ’ ಅಂತಲೂ ‘ಫಾಸ್ಟ್’ ಅಂತಲೂ ಬರೆದಿರಬೇಕು. ಮೊದಲನೆಯದು ಕೋಲಿನ ಬಲ. ಎರಡನೆಯದು ಕೋಲು ಎಲ್ಲಿಂದ ಬಾಗುತ್ತದೆ ಅನ್ನುವುದು. ಫಾಸ್ಟ್ ಅಂದರೆ ತುದಿ ಮಾತ್ರ ಬಾಗುತ್ತದೆ. ಮೀನು ಎರೆ ಮುಟ್ಟಿದ್ದು ಕೈಗೆ ಬೇಗ ತಿಳಿಯುತ್ತದೆ. ಕಾಲುವೆ ದಾರಿಯ ದಡದಲ್ಲಿ ಸಿಕಮೋರ್ ಮರಗಳ ಕೊಂಬೆ ತಲೆಯ ಮೇಲೇ ಬಾಗಿರುತ್ತವೆ. ಅಂಥ ಕಡೆ ಏಳು ಅಡಿಗಿಂತ ಆರೂವರೆ ಅಡಿಯೇ ಹಿತ. ರೀಲಿನ ಮೇಲೆ 2500 ಅಂತ ಅಳತೆ ಬರೆದಿರುವುದು ಸಾಕು.

ಕೋಲಿಗೆ ನೂರಾರು ಡಾಲರ್ ಸುರಿಯಬೇಡಿ. ಹಣ ಉಳಿದರೆ ಒಳ್ಳೆಯ ದಾರಕ್ಕೆ, ಜಾರದ ಬೂಟಿಗೆ ಹಾಕಿ. ಮೀನಿಗೂ ನಿಮಗೂ ನಡುವೆ ಇರುವುದು ದಾರವೇ ಅಲ್ವಾ?

ಅಣ್ಣ, ನೈಲಾನ್, ಫ್ಲೋರೊಕಾರ್ಬನ್, ಬ್ರೇಡ್, ಮೂರರಲ್ಲಿ ಯಾವ ದಾರ?

ಮೂರಕ್ಕೂ ಒಂದೊಂದು ಗುಣ.

ನೈಲಾನ್ ಅಂದರೆ ಊರಲ್ಲಿ ತಂಗೂಸಿ ಅಂತಿದ್ದೆವಲ್ಲ, ಅದೇ. ಅಗ್ಗ, ಮೆತ್ತಗೆ, ಗಂಟು ಚೆನ್ನಾಗಿ ಕೂರುತ್ತದೆ, ಎಳೆದರೆ ರಬ್ಬರಿನಂತೆ ಹಿಗ್ಗುತ್ತದೆ. ಹಿಗ್ಗುವುದು ಹೊಸಬರಿಗೆ ಅನುಕೂಲ, ಗಾಬರಿಯಲ್ಲಿ ಜೋರಾಗಿ ಎಳೆದರೂ ದಾರ ಹರಿಯುವುದಿಲ್ಲ. ಆದರೆ ನೀರು ಹೀರುತ್ತದೆ, ಬಿಸಿಲಿಗೆ ಸೊರಗುತ್ತದೆ. ವರ್ಷಕ್ಕೊಮ್ಮೆಯಾದರೂ ಬದಲಿಸಿ.

ಫ್ಲೋರೊಕಾರ್ಬನ್ ನೀರಿಗಿಂತ ಬಹಳ ಭಾರ, ಮುಳುಗುತ್ತದೆ. ಬೆಳಕು ಅದರೊಳಗೆ ಬಾಗುವ ರೀತಿ ನೀರಿನ ರೀತಿಗೆ ಹತ್ತಿರ, ಹಾಗಾಗಿ ಮೀನಿಗೆ ಅಷ್ಟಾಗಿ ಕಾಣುವುದಿಲ್ಲ. ಕಲ್ಲಿಗೆ ಉಜ್ಜಿದರೂ ತಡೆಯುತ್ತದೆ. ಸ್ವಲ್ಪ ಬಿರುಸು, ರೀಲಿನಿಂದ ಸುರುಳಿ ಸುರುಳಿಯಾಗಿ ಹಾರುತ್ತದೆ.

ಬ್ರೇಡ್ ಅಂದರೆ ಹೆಣೆದ ದಾರ. ಹಿಗ್ಗುವುದೇ ಇಲ್ಲ, ನೀರಲ್ಲಿ ತೇಲುತ್ತದೆ. 10 ಪೌಂಡ್ ತಡೆಯುವ ಬ್ರೇಡ್ ನೋಡಲು 2–3 ಪೌಂಡ್ ನೈಲಾನ್‌ನಷ್ಟು ಸಣ್ಣ, ಅದಕ್ಕೇ ದೂರ ಹೋಗಿ ಬೀಳುತ್ತದೆ. ಕಲ್ಲಿನ ಚೂಪಿಗೆ ಉಜ್ಜಿತೋ, ಬೇಗ ಕಡಿಯುತ್ತದೆ.

ಮೊದಲ ವರ್ಷ 8 ಪೌಂಡ್ ನೈಲಾನ್ ಸಾಕು. ಕೈ ಪಳಗಿದ ಮೇಲೆ ರೀಲಿಗೆ 10 ಪೌಂಡ್ ಬ್ರೇಡ್ ಸುತ್ತಿ, ಅದರ ತುದಿಗೆ ನಾಲ್ಕೈದು ಅಡಿ 8 ಪೌಂಡ್ ಫ್ಲೋರೊಕಾರ್ಬನ್ ಕಟ್ಟಿ. ನಾನು ಈಗ ಬಳಸುವುದು ಇದನ್ನೇ. ಪೊಟೊಮ್ಯಾಕ್‌ನ ತಳವೆಲ್ಲ ಕಲ್ಲು. ಕಲ್ಲಿಗೆ ತಾಗುವ ಭಾಗ ಫ್ಲೋರೊಕಾರ್ಬನ್, ದೂರ ಹಾರುವ ಭಾಗ ಬ್ರೇಡ್.

ಬ್ರೇಡ್ ಸುತ್ತಿದ್ದೀನಿ. ಮೀನು ಎಳೆದ್ರೆ ರೀಲ್ ತಿರುಗುತ್ತೆ, ದಾರ ಬರೋದೇ ಇಲ್ಲ!

ದಾರದ ಸುತ್ತೇ ಇಡಿಯಾಗಿ ಜಾರುತ್ತಿದೆ. ನುಣುಪಾದ ಲೋಹದ ಮೇಲೆ ಬ್ರೇಡ್ ಹಿಡಿತಕ್ಕೆ ಸಿಗುವುದಿಲ್ಲ. ಪೂರ್ತಿ ಬಿಚ್ಚಿ, ಮೊದಲು ಹತ್ತು ಸುತ್ತು ನೈಲಾನ್ ಸುತ್ತಿ, ಅದಕ್ಕೆ ಬ್ರೇಡ್ ಕಟ್ಟಿ ಮತ್ತೆ ಸುತ್ತಿ. ಸುತ್ತುವಾಗ ಒದ್ದೆ ಬಟ್ಟೆಯಲ್ಲಿ ದಾರವನ್ನು ಬಿಗಿಯಾಗಿ ಹಿಡಿದಿರಿ, ಸಡಿಲ ಸುತ್ತು ಮುಂದೆ ಸಿಕ್ಕಾಗುತ್ತದೆ. ಎಸೆದ ಮೇಲೆ ರೀಲಿನ ತಂತಿ ಕಮಾನನ್ನು ಕೈಯಿಂದಲೇ ಮುಚ್ಚಿ, ಹಿಡಿಕೆ ತಿರುಗಿಸಿ ಮುಚ್ಚಬೇಡಿ. ಅರ್ಧ ಸಿಕ್ಕು ಅಲ್ಲೇ ತಪ್ಪುತ್ತದೆ.

## ಗಂಟುಗಳು

ನೂರೆಂಟು ಗಂಟು ಇದೆಯಂತೆ. ಕಡ್ಡಾಯವಾಗಿ ಕಲಿಬೇಕಾದ್ದು ಯಾವುದು?

ಎರಡು ಸಾಕು. ಗಾಳಕ್ಕೆ ಪಾಲೊಮಾರ್, ದಾರಕ್ಕೆ ದಾರ ಸೇರಿಸಲು ಡಬಲ್ ಯೂನಿ.

ಪಾಲೊಮಾರ್ ಹೀಗೆ. ದಾರದ ತುದಿಯ ಆರಿಂಚನ್ನು ಎರಡು ಮಡಿಕೆ ಮಾಡಿ. ಮಡಿಸಿದ ಕುಣಿಕೆಯನ್ನು ಗಾಳದ ಕಣ್ಣಿನೊಳಗೆ ತೂರಿಸಿ. ಆ ಜೋಡಿ ದಾರದಿಂದಲೇ ಒಂದು ಸಾದಾ ಗಂಟು ಹಾಕಿ, ಬಿಗಿ ಮಾಡಬೇಡಿ, ಗಾಳ ಕೆಳಗೆ ತೂಗುತ್ತಿರಲಿ. ಈಗ ಕುಣಿಕೆಯನ್ನು ಅಗಲ ಮಾಡಿ ಇಡೀ ಗಾಳವನ್ನು ಅದರೊಳಗಿಂದ ದಾಟಿಸಿ. ಎಂಜಲು ಹಚ್ಚಿ ಒದ್ದೆ ಮಾಡಿ. ಎರಡೂ ದಾರ ಸೇರಿಸಿ ನಿಧಾನವಾಗಿ ಎಳೆಯಿರಿ. ದಾರ ಒಂದರ ಮೇಲೊಂದು ಏರದೆ ಪಕ್ಕಪಕ್ಕ ಕೂರಬೇಕು. ಏರಿತು ಅಂದರೆ ಕತ್ತರಿಸಿ ಮತ್ತೆ ಕಟ್ಟಿ.

ಡಬಲ್ ಯೂನಿ: ಎರಡು ದಾರಗಳ ತುದಿಗಳನ್ನು ಎದುರುಬದುರಾಗಿ ಒಂದು ಗೇಣು ಪಕ್ಕಪಕ್ಕ ಇಡಿ. ಬ್ರೇಡ್‌ನ ತುದಿಯನ್ನು ಹಿಂದಕ್ಕೆ ಮಡಿಸಿ ಕುಣಿಕೆ ಮಾಡಿ, ಆ ಕುಣಿಕೆಯೊಳಗೆ ಎರಡೂ ದಾರಗಳ ಸುತ್ತ ಎಂಟು ಸಲ ಸುತ್ತಿ ಎಳೆಯಿರಿ. ಫ್ಲೋರೊಕಾರ್ಬನ್ ತುದಿಯಿಂದಲೂ ಹಾಗೇ ಮಾಡಿ, ಐದು ಸುತ್ತು ಸಾಕು. ಒದ್ದೆ ಮಾಡಿ ಎರಡು ಕಡೆಯ ಉದ್ದ ದಾರ ಎಳೆದರೆ ಎರಡು ಗಂಟೂ ಜಾರಿ ಬಂದು ಒಂದಕ್ಕೊಂದು ಒತ್ತಿಕೊಳ್ಳುತ್ತವೆ.

ಮನೆಯಲ್ಲಿ ಟಿವಿ ನೋಡುತ್ತಾ ಕಟ್ಟಿ ಅಭ್ಯಾಸ ಮಾಡಿ. ಮುಸ್ಸಂಜೆ ಮಬ್ಬಿನಲ್ಲಿ ಬೆರಳಿಗೇ ಗೊತ್ತಿರಬೇಕು.

ಗಂಟಿಗೆ ಎಂಜಲು ಹಚ್ಚಬೇಕು ಅಂತಾರೆ. ಅದು ನಿಜವಾಗ್ಲೂ ಬೇಕಾ?

ಬೇಕೇ ಬೇಕು. ಒಣ ದಾರವನ್ನು ಗಂಟಿನೊಳಗೆ ಎಳೆದಾಗ ಉಜ್ಜಿ ಬಿಸಿಯಾಗುತ್ತದೆ. ಆ ಬಿಸಿಗೆ ನೈಲಾನ್, ಅದಕ್ಕಿಂತ ಹೆಚ್ಚಾಗಿ ಫ್ಲೋರೊಕಾರ್ಬನ್, ಅದೇ ಜಾಗದಲ್ಲಿ ಸೊರಗುತ್ತದೆ. ಗಂಟಿನ ಪಕ್ಕದ ದಾರ ಬೆಳ್ಳಗಾಗಿ ಸುಕ್ಕಾದಂತೆ ಕಂಡರೆ ಅದು ಸುಟ್ಟ ಗುರುತು. ನದಿ ನೀರಲ್ಲಿ ಅದ್ದಿದರೂ ಆಗುತ್ತದೆ.

ದೊಡ್ಡ ಮೀನು ಸಿಕ್ಕಿತ್ತು. ಒಂದೇ ಎಳೆತಕ್ಕೆ ಹೋಯ್ತು. ಏನು ತಪ್ಪು ಮಾಡಿದೆ?

ಬೇಜಾರಿನಲ್ಲಿ ದಾರ ಕತ್ತರಿಸಿ ಎಸೆಯಬೇಡಿ. ತುದಿಯನ್ನು ಬೆಳಕಿಗೆ ಹಿಡಿದು ನೋಡಿ, ಅದು ಎಲ್ಲ ಹೇಳುತ್ತದೆ.

ನನಗೂ ಹೀಗೇ ಆಗಿತ್ತು. ಮೊನೊಕಸಿ ನದಿ ಬಂದು ಪೊಟೊಮ್ಯಾಕ್ ಸೇರುವ ಜಾಗ, ಅಕ್ಟೋಬರ್ ಸಂಜೆ. 1833ರಲ್ಲಿ ಕಟ್ಟಿ ಮುಗಿಸಿದ ಏಳು ಕಮಾನಿನ ಕಲ್ಲಿನ ಮೇಲ್ಗಾಲುವೆ, ಅಂದರೆ ಕಾಲುವೆಯನ್ನು ನದಿಯ ಮೇಲೆ ದಾಟಿಸುವ ಸೇತುವೆ, ಅಲ್ಲಿದೆ. ಹಿಂದಿನ ದಿನ ಮಳೆಯಾಗಿತ್ತು. ಮೊನೊಕಸಿಯ ಕೆಂಪು ನೀರು, ಪೊಟೊಮ್ಯಾಕ್‌ನ ಹಸಿರು ನೀರು ಬೆರೆಯದೆ ಪಕ್ಕಪಕ್ಕ ಹರಿಯುತ್ತಿದ್ದವು. ಆ ಗೆರೆಯ ಮೇಲೇ ಎಸೆದೆ. ಕೋಲು ಬುಡದವರೆಗೆ ಬಾಗಿತು. ಮೀನು ಒಂದು ಸಲ ಪೂರ್ತಿ ಮೇಲೆ ಹಾರಿ ತಲೆ ಕೊಡವಿತು, ಕಂಚಿನ ಪಕ್ಕೆ ಕಂಡಿತು, ಅಷ್ಟೇ, ಕೋಲು ನೆಟ್ಟಗಾಯಿತು. ದಾರ ಎಳೆದುಕೊಂಡು ನೋಡಿದರೆ ತುದಿ ಹಂದಿಯ ಬಾಲದ ಹಾಗೆ ಸುರುಳಿ ಸುರುಳಿಯಾಗಿತ್ತು.

ಹಾಗಿದ್ದರೆ ದಾರ ಹರಿದಿಲ್ಲ, ಗಂಟು ಜಾರಿದೆ ಅಂತ ಅರ್ಥ. ನಾನು ಬ್ರೇಡ್‌ಗೆ ಕ್ಲಿಂಚ್ ಗಂಟು ಕಟ್ಟಿದ್ದೆ. ನೈಲಾನ್‌ಗೆ ಒಗ್ಗುವ ಆ ಗಂಟು ನುಣುಪು ಬ್ರೇಡ್‌ನಲ್ಲಿ ಜಾರುತ್ತದೆ. ಅವತ್ತಿನಿಂದ ನನ್ನದು ಪಾಲೊಮಾರ್. ತುದಿ ತರಚಿ ನಾರು ನಾರಾಗಿದ್ದರೆ ಕಲ್ಲಿಗೆ ಉಜ್ಜಿದೆ. ಪ್ರತಿ ಹತ್ತು ಎಸೆತಕ್ಕೊಮ್ಮೆ ಕೊನೆಯ ಎರಡು ಅಡಿಯನ್ನು ಬೆರಳ ನಡುವೆ ಜಾರಿಸಿ, ಒರಟು ಸಿಕ್ಕರೆ ಅಲ್ಲಿಗೆ ಕತ್ತರಿಸಿ ಹೊಸದಾಗಿ ಕಟ್ಟಿ. ತುದಿ ಚೊಕ್ಕವಾಗಿ ತುಂಡಾಗಿದ್ದರೆ ನಿಮ್ಮ ಡ್ರ್ಯಾಗ್, ಅಂದರೆ ಮೀನು ಎಳೆದಾಗ ದಾರ ಬಿಡುವ ರೀಲಿನ ತಡೆ, ಅತಿ ಬಿಗಿ ಇತ್ತೇನೋ ನೋಡಿ. 8 ಪೌಂಡ್ ದಾರವಾದರೆ ಎರಡರಿಂದ ಎರಡೂವರೆ ಪೌಂಡ್ ಎಳೆತಕ್ಕೇ ರೀಲು ದಾರ ಬಿಡಬೇಕು. ಮನೆಯ ಸ್ಪ್ರಿಂಗ್ ತಕ್ಕಡಿಗೆ ಗಾಳ ಸಿಕ್ಕಿಸಿ ಎಳೆದು ಅಳೆಯಬಹುದು.

## ನೀರು, ಎರೆ, ಹೊತ್ತು

ನದಿ ಇಷ್ಟಗಲ ಇದೆ. ಮೀನು ಎಲ್ಲಿದೆ ಅಂತ ಹೇಗೆ ಗೊತ್ತಾಗೋದು?

ಕೋಲು ಕೆಳಗಿಟ್ಟು ಐದು ನಿಮಿಷ ನೀರು ನೋಡಿ. ಬಾಸ್‌ಗೆ ಎರಡು ಬೇಕು: ಸೆಳವಿನಿಂದ ಮರೆ, ಸೆಳವು ತರುವ ತುತ್ತು. ಎರಡೂ ಒಟ್ಟಿಗೆ ಸಿಗುವುದು ವೇಗದ ನೀರೂ ನಿಧಾನದ ನೀರೂ ತಾಗುವ ಗೆರೆಯಲ್ಲಿ. ನೊರೆ ಆ ಗೆರೆಯ ಮೇಲೇ ಸಾಗುವುದು ಕಾಣುತ್ತದೆ. ಬಂಡೆಯ ಹಿಂದಿನ ಸುಳಿ ಎಲ್ಲರಿಗೂ ಗೊತ್ತು. ಬಂಡೆಯ ಮುಂದೆಯೂ ನೀರು ತಡೆದು ಸಣ್ಣ ಮೆತ್ತೆಯಂಥ ಜಾಗ ಆಗುತ್ತದೆ. ದೊಡ್ಡ ಮೀನು ಎಷ್ಟೋ ಸಲ ಅಲ್ಲೇ ಇರುತ್ತದೆ.

ಬೇಸಿಗೆಯಲ್ಲಿ ದಿಬ್ಬಗಳ ಅಂಚಿಗೆ ವಾಟರ್ ವಿಲ್ಲೋ ಅನ್ನುವ ಗಿಡ ಮೊಣಕಾಲೆತ್ತರ ಬೆಳೆಯುತ್ತದೆ, ಬಿಳಿ ನೇರಳೆ ಹೂ ಬಿಡುತ್ತದೆ. ನಮ್ಮ ಬೇಲಿಯ ಆಡುಸೋಗೆಯ ಕುಲದ್ದೇ ಇದು. ಆ ಹೂವನ್ನು ಹತ್ತಿರದಿಂದ ನೋಡಿದರೆ ನೆಂಟಸ್ತಿಕೆ ಗೊತ್ತಾಗುತ್ತದೆ. ಸಂಜೆ ಸಣ್ಣ ಮೀನು ಅದರ ಬುಡದಲ್ಲಿ, ಬಾಸ್ ಅದರ ಹೊರ ಅಂಚಲ್ಲಿ. ಗಿಡಕ್ಕೆ ತಾಗುವಷ್ಟು ಹತ್ತಿರ ಎಸೆಯಿರಿ.

ಎರೆಹುಳು ಹಾಕಿದ್ರೆ ಸಾಕಾಗಲ್ವಾ?

ಮೀನಿಗೆ ಸಾಕು, ಆದರೆ ಎರೆಹುಳುವನ್ನು ಗಂಟಲವರೆಗೆ ನುಂಗಿಬಿಡುತ್ತದೆ. ವಾಪಸ್ ಬಿಟ್ಟರೂ ಉಳಿಯುವುದು ಕಷ್ಟ. ಮಕ್ಕಳು ಬೆಂಡು ಕಟ್ಟಿ ಸನ್‌ಫಿಶ್ ಎಂಬ ಸಣ್ಣ ಮೀನು ಹಿಡಿಯಲಿ, ಅದಕ್ಕೆ ಎರೆಹುಳು ಚೆನ್ನ.

ಬಾಸ್‌ಗೆ ನನ್ನ ಮೊದಲ ಆಯ್ಕೆ ಮೂರು ಇಂಚಿನ ಟ್ಯೂಬ್. ಮೆತ್ತನೆಯ ರಬ್ಬರ್ ಕೊಳವೆ, ತುದಿಯಲ್ಲಿ ಎಳೆ ಎಳೆ, ಬಣ್ಣ ಕುಂಬಳಕಾಯಿ ಹಸಿರು. ಒಳಗೆ 1/8 ಔನ್ಸ್ ತೂಕದ ಗಾಳ. ತಳದಲ್ಲಿ ಹೊರಳಿದರೆ ಥೇಟ್ ಕ್ರೇಫಿಶ್, ಅಂದರೆ ಕಲ್ಲಿನಡಿ ಇರುವ ಸಿಹಿನೀರಿನ ಸೀಗಡಿಯಂಥ ಪ್ರಾಣಿ. ಬಾಸ್‌ನ ನಿತ್ಯದ ಊಟ ಅದೇ. ಸೆಳವಿನ ಎದುರು ದಿಕ್ಕಿಗೆ, ಮೇಲಕ್ಕೆ ಎಸೆಯಿರಿ. ಕೋಲು ಎತ್ತರಕ್ಕೆ ಹಿಡಿದು ಸಡಿಲ ದಾರವನ್ನಷ್ಟೇ ಸುತ್ತುತ್ತಾ, ನೀರೇ ಅದನ್ನು ಉರುಳಿಸಿಕೊಂಡು ಬರಲು ಬಿಡಿ. ‘ಟಕ್’ ಅಂತ ಒಂದು ಸಣ್ಣ ಬಡಿತ ಬಂದರೆ ಅದು ಮೀನು. ಹೊಯ್ದಾಡದೆ ದಾರ ಪಕ್ಕಕ್ಕೆ ಸರಿದರೆ ಅದೂ ಮೀನು.

ಯಾವ ತಿಂಗಳು, ಎಷ್ಟು ಹೊತ್ತಿಗೆ ಹೋಗೋದು?

ಕ್ಯಾಲೆಂಡರ್‌ಗಿಂತ ಥರ್ಮಾಮೀಟರ್ ನಂಬಿ. ನೀರು 60ರಿಂದ 65 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟುವ ವಸಂತದಲ್ಲಿ ಮೊಟ್ಟೆ ಇಡುತ್ತವೆ. ಮೊಟ್ಟೆ ಇಟ್ಟು ಹೆಣ್ಣು ಹೋಗಿಬಿಡುತ್ತದೆ, ಗಂಡು ಕಾವಲು ನಿಲ್ಲುತ್ತದೆ. ಜಲ್ಲಿಯ ಮೇಲೆ ತಟ್ಟೆಯಗಲ ಚೊಕ್ಕ ಮಾಡಿದ ಜಾಗ, ಅದರ ಮೇಲೆ ಅಲ್ಲಾಡದೆ ನಿಂತ ಮೀನು ಕಂಡರೆ ದಯವಿಟ್ಟು ಎಸೆಯಬೇಡಿ. ಎರಡು ನಿಮಿಷ ಅದನ್ನು ಎತ್ತಿದರೂ ಸನ್‌ಫಿಶ್‌ಗಳು ಬಂದು ಮೊಟ್ಟೆ ತಿನ್ನುತ್ತವೆ. ನಡುಬೇಸಿಗೆಯಲ್ಲಿ ನಸುಕು ಮತ್ತು ಮುಸ್ಸಂಜೆ, ನೊರೆಯೇಳುವ ನೀರು. ಸೆಪ್ಟೆಂಬರ್, ಅಕ್ಟೋಬರ್ ನನಗೆ ಎಲ್ಲಕ್ಕಿಂತ ಇಷ್ಟ. ನೀರು 50 ಡಿಗ್ರಿಗಿಂತ ಇಳಿದರೆ ಆಳದ ಮಡುವಿಗೆ ಹೋಗಿಬಿಡುತ್ತವೆ.

ನದಿಗೆ ಇಳಿದು ಹಿಡಿಯಬಹುದಾ?

ಕೆಲವು ಕಡೆ ಮಾತ್ರ, ಅದೂ ಬೇಸಿಗೆಯಲ್ಲಿ ನೀರು ಕಮ್ಮಿ ಇರುವಾಗ. ಗ್ರೇಟ್ ಫಾಲ್ಸ್ ಮತ್ತು ಅದರ ಕೆಳಗಿನ ಕಮರಿಯಲ್ಲಿ ಬೇಡವೇ ಬೇಡ. ಅಲ್ಲಿ ಇಳಿಯುವುದು ಕಾನೂನಿಗೆ ವಿರುದ್ಧ. ಮೇಲೆ ಶಾಂತವಾಗಿ ಕಂಡರೂ ಒಳಸೆಳವು ಎಳೆದುಕೊಳ್ಳುತ್ತದೆ, ಜೀವ ಹೋಗಿವೆ. ಬೇರೆ ಕಡೆಯೂ ತೊಡೆಯ ಮಟ್ಟ ದಾಟಬೇಡಿ, ಲೈಫ್ ಜಾಕೆಟ್ ಹಾಕಿ, ಒಬ್ಬರೇ ಹೋಗಬೇಡಿ. ಹೊರಡುವ ಮುಂಚೆ ಪಾಯಿಂಟ್ ಆಫ್ ರಾಕ್ಸ್‌ನ ನೀರಿನ ಮಟ್ಟ ನೋಡಿ. ಅಮೆರಿಕದ ಭೂವಿಜ್ಞಾನ ಇಲಾಖೆ, ಯುಎಸ್‌ಜಿಎಸ್, ಅದನ್ನು ದಿನವಿಡೀ ಅಳೆದು ಹಾಕುತ್ತದೆ. ಮಟ್ಟ ಏರುತ್ತಿದ್ದರೆ ನಾನು ಮನೆಯಲ್ಲೇ ಇರುತ್ತೇನೆ.

ಬೂಟಿನ ಅಡಿಗೆ ಫೆಲ್ಟ್, ಅಂದರೆ ಒತ್ತಿ ಮಾಡಿದ ದಪ್ಪ ಬಟ್ಟೆ, ಬೇಡ. ಅದು ಬೇಗ ಒಣಗದೆ ಡಿಡಿಮೊ ಪಾಚಿಯನ್ನು ಒಂದು ಹೊಳೆಯಿಂದ ಇನ್ನೊಂದಕ್ಕೆ ಒಯ್ಯುತ್ತದೆ ಅಂತ ಮೇರಿಲ್ಯಾಂಡ್ 2011ರಲ್ಲೇ ನಿಷೇಧಿಸಿದೆ. ಮನೆಗೆ ಬಂದ ಮೇಲೆ ಮೈಗೆ ಎಲ್ಲಾದರೂ ರಕ್ತ ಹೀರುವ ಉಣ್ಣೆಹುಳು (ಟಿಕ್) ಹತ್ತಿದೆಯೇ ನೋಡಿಕೊಳ್ಳಿ.

## ಸ್ವಲ್ಪ ಪಳಗಿದವರಿಗೆ

ಗಾಳ ಪದೇ ಪದೇ ಕಲ್ಲಿಗೆ ಸಿಕ್ಕಿಕೊಳ್ಳುತ್ತೆ. ದಿನಕ್ಕೆ ಹತ್ತು ಕಳ್ಕೊಳ್ತೀನಿ.

ಎಳೆದಷ್ಟೂ ಗಟ್ಟಿಯಾಗಿ ಕಚ್ಚುತ್ತದೆ. ದಡದಲ್ಲೇ ಮೇಲಕ್ಕೆ ನಡೆದು, ಅದು ಹೋದ ದಿಕ್ಕಿನ ವಿರುದ್ಧದಿಂದ ಎಳೆಯಿರಿ. ಆಗದಿದ್ದರೆ ದಾರ ಬಿಗಿ ಮಾಡಿ, ಬಿಲ್ಲಿನ ಹೆದೆಯಂತೆ ಬೆರಳಲ್ಲಿ ಮೀಟಿ ಬಿಡಿ. ಅರ್ಧದಷ್ಟು ಬಿಡಿಸಿಕೊಳ್ಳುತ್ತವೆ. ಹರಿಯಲೇಬೇಕಾದರೆ ಬ್ರೇಡ್ ಅನ್ನು ಕೈಗೆ ಸುತ್ತಿಕೊಳ್ಳಬೇಡಿ, ಬ್ಲೇಡಿನಂತೆ ಕೊಯ್ಯುತ್ತದೆ. ಕಟ್ಟಿಗೆ ತುಂಡಿಗೆ ಸುತ್ತಿ ಎಳೆಯಿರಿ. ಹರಿದ ದಾರ ದಡದಲ್ಲಿ ಬಿಟ್ಟು ಬರಬೇಡಿ. ನೀರುಹಕ್ಕಿಯ ಕಾಲಿಗೆ ಸುತ್ತಿಕೊಂಡದ್ದನ್ನು ಬಿಡಿಸಿದವನು ನಾನು, ಅದು ನೋಡುವಂಥದ್ದಲ್ಲ.

ಹಿಡಿದಿದ್ದನ್ನ ತಿನ್ನಬಾರದಾ? ಯಾಕೆ ವಾಪಸ್ ಬಿಡ್ತೀರಿ?

ನಿಯಮ ಒಪ್ಪುವ ಕಾಲದಲ್ಲಿ ತಿನ್ನಬಹುದು. ನಾನು ಬಿಡುತ್ತೇನೆ. ಈ ನದಿಯಲ್ಲಿ ಸ್ಮಾಲ್‌ಮೌತ್ ಒಂದು ಅಡಿ ಬೆಳೆಯಲು ನಾಲ್ಕೈದು ವರ್ಷ ಬೇಕು. 2003ರ ಸುಮಾರಿಗೆ ಪೊಟೊಮ್ಯಾಕ್‌ನ ದಕ್ಷಿಣ ಕವಲಿನಲ್ಲಿ ಗಂಡು ಬಾಸ್‌ಗಳ ಒಡಲಲ್ಲಿ ಮೊಟ್ಟೆಯ ಕಣಗಳು ಕಂಡು ವಿಜ್ಞಾನಿಗಳು ಗಾಬರಿಯಾಗಿದ್ದರು. ನೀರಿಗೆ ಸೇರುವ ರಾಸಾಯನಿಕಗಳ ಮೇಲೆ ಅನುಮಾನ. ಹೀಗೆ ಪೆಟ್ಟು ತಿಂದಿರುವ ಮೀನಿಗೆ ನನ್ನದೂ ಒಂದು ಪೆಟ್ಟು ಬೇಡ ಅನ್ನಿಸುತ್ತದೆ.

ಸಾರಿಗೆ ಮೀನು ಬೇಕೇ ಬೇಕು ಅಂದರೆ ವಾಷಿಂಗ್ಟನ್‌ನಿಂದ ಕೆಳಗೆ ಹೋಗಿ ಸ್ನೇಕ್‌ಹೆಡ್ ಹಿಡಿಯಿರಿ. ನಮ್ಮ ಕೆರೆಯ ಕೊರಮೀನಿನ ಹತ್ತಿರದ ನೆಂಟ, ಏಷ್ಯಾದಿಂದ ಬಂದದ್ದು. 2004ರಿಂದ ಪೊಟೊಮ್ಯಾಕ್‌ನಲ್ಲಿ ಹಬ್ಬಿದೆ. ಜೀವಂತ ಒಯ್ಯುವುದು ಅಪರಾಧ, ಅಲ್ಲೇ ಕೊಲ್ಲಬೇಕು. ಯಾವ ಮೀನನ್ನು ತಿಂಗಳಿಗೆ ಎಷ್ಟು ಸಲ ತಿನ್ನಬಹುದು ಅಂತ ರಾಜ್ಯ ಪ್ರಕಟಿಸುವ ಸಲಹೆ ನೋಡಿಯೇ ಅಡುಗೆಗೆ ಇಳಿಯಿರಿ.

ಬಿಟ್ಟ ಮೀನು ಬದುಕುತ್ತೆ ಅಂತ ಏನು ಗ್ಯಾರಂಟಿ?

ನಿಮ್ಮ ಕೈಯಲ್ಲಿದೆ. ಇಕ್ಕಳದಿಂದ ಗಾಳದ ಒಳಮುಳ್ಳನ್ನು ಮೊದಲೇ ಒತ್ತಿ ಚಪ್ಪಟೆ ಮಾಡಿ. ಕೈ ಒದ್ದೆ ಮಾಡಿಕೊಂಡು ಮುಟ್ಟಿ, ಒಣ ಕೈ ಅದರ ಮೈಯ ಲೋಳೆ ಕೀಳುತ್ತದೆ. ಕೆಳದವಡೆ ಹಿಡಿದರೆ ಇನ್ನೊಂದು ಕೈ ಹೊಟ್ಟೆಯ ಕೆಳಗೆ ಇರಲಿ. ಕಿವಿರಿಗೆ ಬೆರಳು ಹಾಕಬೇಡಿ. ಫೋಟೋ ಬೇಕಾದರೆ ಕ್ಯಾಮೆರಾ ಸಿದ್ಧ ಮಾಡಿಕೊಂಡು ಆಮೇಲೆ ಮೀನು ಎತ್ತಿ. ಗಾಳ ಗಂಟಲಲ್ಲಿದ್ದರೆ ಕೀಳಲು ಹೋಗದೆ ದಾರ ಕತ್ತರಿಸಿ.

ಡಬಲ್ ಯೂನಿ ಗಂಟು ಕೋಲಿನ ಬಳೆಗೆ ತಾಗಿ ಟಿಕ್ ಟಿಕ್ ಅನ್ನುತ್ತೆ. ಎಫ್‌ಜಿ ಗಂಟು ಕಲಿಬೇಕಾ?

ಎಫ್‌ಜಿಯಲ್ಲಿ ಫ್ಲೋರೊಕಾರ್ಬನ್ ಮಡಿಸುವುದೇ ಇಲ್ಲ. ಬ್ರೇಡ್ ಅದರ ಸುತ್ತ ಜಡೆಯಂತೆ ಹೆಣೆದುಕೊಂಡು ಬಿಗಿಯುತ್ತದೆ. ಹಾಗಾಗಿ ತೆಳು, ಕೋಲಿನ ಮೇಲೆ ದಾರ ಹಾಯುವ ಬಳೆಯೊಳಗೆ ಸದ್ದಿಲ್ಲದೆ ಜಾರುತ್ತದೆ. ಕಲಿಯುವುದಾದರೆ ಮನೆಯಲ್ಲಿ ಕಲಿಯಿರಿ. ಬ್ರೇಡ್ ಅನ್ನು ಕಾಲ್ಬೆರಳಿಗೆ ಸಿಕ್ಕಿಸಿ ಬಿಗಿ ಹಿಡಿದು, ಮೇಲೊಂದು ಕೆಳಗೊಂದು ಅಂತ ಇಪ್ಪತ್ತು ಸುತ್ತು ಹಾಕಬೇಕು. ಗಾಳಿ ಬೀಸುವ ದಡದಲ್ಲಿ ಇದು ಆಗದ ಮಾತು. ನಾನು ಮನೆಯಲ್ಲಿ ಎಫ್‌ಜಿ ಕಟ್ಟಿಕೊಂಡು ಹೋಗುತ್ತೇನೆ. ದಡದಲ್ಲಿ ಅದು ಹರಿದರೆ ಡಬಲ್ ಯೂನಿ ಕಟ್ಟಿ, ಮುಂದಿನ ದಾರವನ್ನು ಮೂರು ಅಡಿಗೆ ಇಳಿಸುತ್ತೇನೆ. ಎಸೆಯುವಾಗ ಗಂಟು ಬಳೆಯಿಂದ ಹೊರಗೇ ಉಳಿಯುತ್ತದೆ, ಟಿಕ್ ಟಿಕ್ ಇರುವುದಿಲ್ಲ.